ಐದೂ ಮುಕ್ಕಾಲು

ಡಬ್ಬಿ ತೆಗದ್ರ ಫೋನಿತ್ತು, ಬಿಳೀ ವಾಯರಿತ್ತು,
ಗ್ವಾಡಿಗೆ ಸಿಗಸೂ ಚಾರ್ಜರ್ ಇರಲಿಲ್ಲ.
"ಎಲ್ಲಾರ ಮನ್ಯಾಗೂ ಒಂದ ಇರತೈತಂತ
ಕಂಪನ್ಯಾವ್ರ ಕೊಡೂದ ಬಿಟ್ಟಾರ, ಚಿಗವ್ವಾ,"
ಅಂದ ಚೌಡೇಶ, ತಾನ ಬಿಟ್ಟವರಂಗ ತಲಿ ತಗ್ಗಿಸಿ.

ಖರೇ. ನಮ್ಮ ಮನ್ಯಾಗೂ ಇತ್ತು.
ಸೂಜಿಮೂತಿದು, ಕರೇದು.
ಅದರ ಫೋನು ಹೋಗಿ ಹನ್ನೊಂದ ವರ್ಷ,
ಆವತ್ತಿನಿಂದ ಹಾಸಿಗಿ ಸುರುಳಿ ಕಟ್ಟೂ ಹಗ್ಗ ಆಗಿತ್ತು.
ಬಿಚ್ಚಿದೆ. ಹಾಸಿಗಿ ಉಸರ ಬಿಟ್ಟು ಅಗಲಾತು.

ಬೆಟಗೇರಿ ಬಸ್ ಸ್ಟ್ಯಾಂಡಿನ ಹಿಂದ ಮಕ್ತುಂಸಾಬನ ಅಂಗಡಿ.
ಚಾರ್ಜರ್ ಬೆನ್ನಿನ ಸಣ್ಣಕ್ಷರ ಅಂವಗ ಕಾಣವಲ್ಲವು,
ಎರಡೂ ಕಣ್ಣಿಗೆ ಪೊರಿ.
ನಾ ಓದಿದೆ: ಐದು, ಚುಕ್ಕಿ, ಏಳು.
"ಐದೂ ಮುಕ್ಕಾಲು ಅನ್ನು. ಹೊಸಾದಕ್ಕ ಐದ ಸಾಕು.
ಹೆಚ್ಚಿಗಿ ಹೋದ್ರ ಅದರ ಹೊಟ್ಟಿ ಸುಡತೈತಿ."
"ಮುಕ್ಕಾಲಕ್ಕ ಯಾರರ ಸಾಯತಾರೇನೊ?" ಅಂದೆ ನಾನು,
ಕೂಲ್ಯಾಗ ಮುಕ್ಕಾಲು ರೂಪಾಯಿ ಮುರಕೊಂಡ ಮಾಲಕನ ಕೂಡ
ಮೂರ ದಿನ ಮಾತ ಬಿಟ್ಟಾಕಿ.

ಬಡೇಸೋಪಿನ ಡಬ್ಬ್ಯಾಗಿಂದ ಜೀರಿಗಿಯಂಥಾದೊಂದ ತೆಗದ.
ಕರೀ ಮೈ, ಒಂದ ತುದಿಗೆ ಬೆಳ್ಳಿ ಉಂಗರ.
"ಡೈಯೋಡು. ಹೆಚ್ಚಿದ್ದನ್ನ ಇದು ತಿಂತೈತಿ.
ಉಂಗರದ ದಿಕ್ಕ ತಪ್ಪಿತಂದ್ರ ಏನೂ ದಾಟಗೊಡಂಗಿಲ್ಲ.
ಎರಡ ರೂಪಾಯಿ. ಹೊಸಾ ಚಾರ್ಜರ್ ನೂರಾ ಎಂಬತ್ತಕ್ಕ ನನ್ನ ಹಂತೇಕನ ಐತಿ.
ಹೇಳೂದು ನನ್ನ ಧರ್ಮ."
ಕೇಳದಂಗ ಕುಂಡ್ರೂದು ನಂದು.

ಬಿಳೀ ವಾಯರಿನ ಚಪ್ಪಟಿ ತಲಿ ಕತ್ತರಸೂ ಮುಂದ
ಕತ್ತರಿ ಒಂದ ಗಳಿಗಿ ನಿಂತಿತು.
ಮಗ್ಗದಿಂದ ಇಳಿದ ದಿನಾನ
ಸೀರಿಗೆ ಕತ್ತರಿ ಹಾಕಾವ್ರ ಯಾರರ ಇರತಾರೇನ?
ಹಾಕಿದೆ.

ಒಳಗ ನಾಕ ಎಳಿ: ಕೆಂಪು, ಕರೇದು, ಹಸರು, ಬಿಳೇದು.
ಹಳೇದರಾಗ ಎರಡ.
ಮೂವತ್ತ ವರ್ಷ ಕೆಚ್ಚೂ ಕೆಲಸ ನಂದು,
ಮುಗದ ಹಾಸಿನ ತುದಿಗೆ ಹೊಸಾ ಹಾಸು,
ಮಗ್ಗಕ್ಕ ಎರಡ ಸಾವಿರದ ನಾನೂರು,
ಒಂದ ಎಳಿ ಎಂದೂ ಹಿಂಗ ಉಳದಿಲ್ಲ.
"ಈ ಹಸರು? ಈ ಬಿಳೇದು?"
"ಅವು ಕಂಪ್ಯೂಟರಿನ ಕೂಡ ಮಾತಾಡೂ ಎಳಿ.
ಇಲ್ಲೆ ಮಾತಾಡಾಕ ಯಾರೂ ಇಲ್ಲ. ಒಂದಕ್ಕೊಂದ ಕಟ್ಟಿಬಿಡು,
ಕಟ್ಟದಿದ್ರ ಫೋನು ನಂಬಂಗಿಲ್ಲ."
ಕಟ್ಟಿದೆ.
ನಮ್ಮ ಓಣ್ಯಾಗ ಇಂಥಾ ಜೋಡಿ ಭಾಳ ಅದಾವ.

ರೂಢಿ ನೋಡ್ರಿ, ಸೆರಗಿನ ಗಂಟ ಬಿಚ್ಚಿ ಬೆರಳ ಬೂದಿಗೆ ಅದ್ದಿದೆ.
"ಬೂದಿ ಬ್ಯಾಡವಾ, ಕರೆಂಟಿಗೆ ಬೂದಿ ನಡ್ಯಂಗಿಲ್ಲ."
ಕೈ ಒರಸಿಕೊಂಡು ಬರೇ ಬೆರಳಲೆ ಹೊಸದೆ.
ತಾಮ್ರಕ್ಕ ರೇಷ್ಮಿಯ ಸಿಟ್ಟಿಲ್ಲ,
ಹೆಂಗ ಹೊಸದ್ರ ಹಂಗ ಇರತೈತಿ.
ಅಂವ ಬೆಸಗಿ ಹಾಕಿದ, ನಾ ದಾರಿ ಹೇಳಿದೆ:
ಎಡಕ್ಕ, ಇನ್ನೊಂದೀಟ ಎಡಕ್ಕ, ಹಾಂ, ಅಲ್ಲೆ.
ರಾಳದ ಹೊಗಿ, ತವರದ ಒಂದ ಹನಿ.
ಆರಿದ ಮ್ಯಾಲ ಬೆರಳಾಡಿಸಿ ನೋಡಿ
"ಗಂಟ ಎಲ್ಲೈತಿ?" ಅಂದ.
ಆ ಮಾತ ಯಾವ ಮಾಲಕನೂ ಕೇಳಿದ್ದಿಲ್ಲ.

ಮನೀಗೆ ಬಂದು ಹಚ್ಚಿದಾಗ ನಾಕಿತ್ತು.
ರೊಟ್ಟಿ ಬಡದು, ಉಂಡು, ಭಾಂಡೆ ತಿಕ್ಕೂದ್ರಾಗ ಹನ್ನೊಂದು.
"ಒಂದ ತಾಸಿನ್ಯಾಗ ತುಂಬೂ ಫೋನದು ಚಿಗವ್ವಾ,
ಇದರಲೆ ರಾತ್ರಿಯೆಲ್ಲಾ ಬೇಕು."
ಬೇಕಾಗಲಿ.
ನಾನೂ ರಾತ್ರಿಯೆಲ್ಲಾ ಮಲಗಿದ ಮ್ಯಾಲನ ಏಳಾಕಿ.

ಮುಂಜಾನಿ ಐದೂವರಿಗೆ ಫೋನಿನಾಗ ಮಾಲಕನ ದನಿ:
ಬನಕ್ಕಾ, ಹೊಸಪ್ಯಾಟ್ಯಾಗ ಒಂದ ಹಾಸ ಮುಗದೈತಿ, ಲಗೂ ಬಾ.
ಕತ್ತರಿಸಿ ಉಳದ ಸೂಜಿಮೂತಿ ಚೀಲದಾಗ ಹಾಕಿಕೊಂಡೆ,
ಬಿಗದ ಗಂಟ ಸಡಲಿಸಾಕ ಚಲೋ ಐತಿ ಅದು.
ಹಾಸಿಗಿ ಮಾತ್ರ ಬಿಚ್ಚಿದಂಗ ಬಿದ್ದೈತಿ.
ಸುತ್ತಿಟ್ರೂ ನಿಂದರವಲ್ದು,
ಕಟ್ಟಾಕ ಹಗ್ಗಿಲ್ಲ.