ಸೋಪಿನ ನೀರು

ಹಳೇ ಟ್ಯಾಂಕಿಗೆ ಬೆಸುಗೆ ಹಾಕುವುದಿಲ್ಲ
ಮುಳ್ಳೇರಿಯದ ಕುಞಂಬು ಮಣಿಯಾಣಿ.
ಯಾಕೆಂದರೆ, ಎಡಹುಬ್ಬು ಇದ್ದ ಜಾಗ ಉಜ್ಜಿಕೊಳ್ಳುತ್ತಾರೆ.
"ಹೊಸತೇ ಮಾಡುವ."

ಮೊದಲು ರಟ್ಟಿನಲ್ಲಿ. ಚಿಪ್ಸಿನ ಪೆಟ್ಟಿಗೆ ಕತ್ತರಿಸಿ
ಜೀಪಿನ ಹೊಟ್ಟೆಯಡಿ ಅಂಗಾತ ಮಲಗಿ
ಅವರು ಹೇಳಿದಲ್ಲಿ ಸೀಮೆಸುಣ್ಣ ಎಳೆದೆ.
ಆಮೇಲೆ ತಗಡು, ಎರಡು ಎಂಎಂ,
ಕಾಸರಗೋಡಿನಿಂದ ಬಸ್ಸಿನ ಟಾಪಿನಲ್ಲಿ ಬಂದದ್ದು.

ಒಳಗೆ ಮೂರು ಅಡ್ಡಗೋಡೆ, ಗೋಡೆಗೆ ಕಿಂಡಿ.
ಇಲ್ಲದಿದ್ದರೆ ರಾಣಿಪುರದ ಏರಿನಲ್ಲಿ
ಡೀಸೆಲೆಲ್ಲ ಹಿಂದಕ್ಕೋಡಿ
ಕಾಲು ಟ್ಯಾಂಕು ಇಟ್ಟುಕೊಂಡೇ ಬಾಯಾರಿ ನಿಲ್ಲುತ್ತದೆ ಗಾಡಿ.
ಮುಚ್ಚಳ ಕೂತ ಮೇಲೆ ಅವನ್ನು ಯಾರೂ ನೋಡುವುದಿಲ್ಲ.
ಆದರೂ ಕಿಂಡಿಯಂಚಿಗೆ ಅರ ತಿಕ್ಕುತ್ತಾರೆ,
ಮಗುವೊಂದು ಕೈ ಹಾಕೀತು ಎಂಬಂತೆ.

ಸಂಜೆ ಪರೀಕ್ಷೆ. ಸೈಕಲ್ ಪಂಪು ನನ್ನ ಪಾಲು.
ಬೆಸುಗೆಯುದ್ದಕ್ಕೂ ಸೋಪಿನ ನೀರು ಬಳಿದು
ಅವರು ಕುಕ್ಕರುಗಾಲಲ್ಲಿ ಕೂತರು.
ಮೂವತ್ತು ಸಲ ಒತ್ತಿದೆ. ಎಂತದೂ ಇಲ್ಲ.
ಜೀಪಿನ ಹಸೈನಾರ್ ದುಡ್ಡು ಎಣಿಸತೊಡಗಿದರು.
ಆಗ ಮೂಲೆಯಲ್ಲಿ, ನಾನು ಹಾಕಿದ ಬೆಸುಗೆಯಲ್ಲೇ
ಸಾಸಿವೆಯಷ್ಟು ಗುಳ್ಳೆ
ಉಬ್ಬಿತು, ಒಡೆಯಿತು,
ಮತ್ತೆ ಉಬ್ಬಿತು.

ಹಸೈನಾರ್ ನೋಡಲಿಲ್ಲ.
ಮಣಿಯಾಣಿ ನೋಡಿದರೋ ಇಲ್ಲವೋ,
ಒಂಟಿ ಹುಬ್ಬಿನ ಮುಖದಲ್ಲಿ ಗೊತ್ತಾಗಲಿಲ್ಲ.
"ನಾಳೆ ಬನ್ನಿ," ಅಂದೆ ನಾನು.