ಮೂವತ್ತೈದರ ಮ್ಯಾಲ

ನಾ ಅಟೆಂಡರ್. ಕೀಲಿ ನಂದು, ಕಸಬರಗಿ ನಂದು.
ಬೆಳಕು ಸಬೀಹಾ ಮೇಡಂದು.

ಶಹಾಬಾದಿ ಫರಸಿ ಒಂದು, ಕೆಳಗ ಸ್ಕೂಟರಿನ ನಾಕು ಟ್ಯೂಬು,
ಸೇಡಂ ರೋಡಿಗೆ ಲಾರಿ ಹಾದರೂ ನಡುಗಬಾರದು, ಅದಕ್ಕ.
ಮ್ಯಾಲ ಎರಡು ಗಾಜು. ನಡುವ
ಕೂದಲೆಳಿಗಿಂತ ತೆಳ್ಳಗ ಹರವಿದ ಒಂದು ಹನಿ:
ಹರಿಯೂದು ನೀರಿನಂಗ, ಸಾಲು ಹಿಡಿಯೂದು ಹರಳಿನಂಗ.
"ಯಾವುದರ ಒಂದು ಆಗಬೇಕಲ್ರಿ" ಅಂದೆ.
"ಎರಡೂ ಆಗ್ಯಾದಂತಲೇ ಕೆಲಸಕ್ಕ ಬರ್ತದ, ಭೀಮಶಾ."

ಗಾಜಿಗೆ ಮೊದಲ ಮಖಮಲ್ ತಿಕ್ಕಬೇಕು, ಒಂದೇ ದಿಕ್ಕಿಗೆ.
ಆ ತುಂಡು ನಾ ತಂದದ್ದು,
ಟೇಲರ್ ರುಕ್ಮೋದ್ದೀನನ ಕತ್ತರಿ ಕೆಳಗ ಬಿದ್ದದ್ದು,
ಯಾರದೋ ಮದುವಿ ಕುಬಸದ್ದು.
ಹಗೂರಕ ಎಳದ್ರು. ಹನ್ನೆರಡು ಸಲ, ಎಣಿಸೀನಿ.
ನನ್ನ ಕಣ್ಣಿಗೆ ಗೆರಿ ಒಂದೂ ಕಾಣಲಿಲ್ಲ.
ಹನಿಗೆ ಕಂಡಿತು. ಆ ದಾರಿ ಹಿಡದು ಮಲಕೊಂಡಿತು.

ಎರಡು ವೋಲ್ಟು ಕೊಟ್ರ ಎದ್ದು ಕೂಡ್ತದ.
ಆಗ ಲೇಸರಿನ ಕೆಂಪು ಚುಕ್ಕಿ
ಗ್ವಾಡಿ ಮ್ಯಾಲ, ಕ್ಯಾಲೆಂಡರಿನ ಮೊಳಿ ಬಿಟ್ಟು
ಒಂದು ಗೇಣು ಆಚಿಗೆ ಸರೀತದ.
ಕನ್ನಡಿ ಹೊರಳಂಗಿಲ್ಲ, ಮೋಟಾರಿಲ್ಲ,
ಗಾಜು ಕುಂತಲ್ಲೇ ಕುಂತಿರ್ತದ.
ನಾ ಹಿಂದ ಹೋಗಿ ನೋಡಿ ಬಂದೆ, ಎರಡು ಸಲ.

ಮೇ ಹದಿನೆಂಟಕ್ಕ ಕರೆಂಟ್ ಹೋತು.
ಲೇಸರ್ ಬ್ಯಾಟರಿ ಮ್ಯಾಲ; ಎಸಿ ನಿಂತು ಅರ್ಧ ತಾಸು.
ಶೀಸೆದಾಗಿನ ಹಾಲಿನಂಥ ಮಬ್ಬು
ನೋಡನೋಡದ್ರಾಗ ತಿಳಿ ಆತು, ಕುಡಿಯೂ ನೀರಿಗಿಂತ ತಿಳಿ.
"ಸ್ವಚ್ಛ ಆತ್ರಿ!" ಅಂತ ನಾ ಹಿಗ್ಗಿದೆ.
ಮೇಡಂ ಮಾರಿ ಸಣ್ಣ ಆತು.

ಚುಕ್ಕಿ ಮೊಳಿಗೇ ಬಂದು ನಿಂತಿತ್ತು.
ನಾಬ್ ತಿರುವಿದ್ರು. ಎರಡು. ಐದು. ಹತ್ತು.
ಸೊಪ್ಪು ಹಾಕಲಿಲ್ಲ.
ಮೂವತ್ತೈದು ಡಿಗ್ರಿ ದಾಟಿದ್ರ ಸಾಲು ಮುರೀತದಂತ,
ಯಾರಿಗೆ ಯಾರೂ ಅಲ್ಲ.
ಬೆಳಕು ನಡುವ ಸೀದಾ ಹೋಗ್ತದ,
ಒಬ್ಬರನ್ನೂ ಭೇಟಿ ಆಗಲಾರದ.

ಇಪ್ಪತ್ತೇಳು ವರ್ಷ ಒರಸೀನಿ ಈ ಖೋಲಿ,
ಎಲ್ಲಾ ತಿಳಿ ಇರಬೇಕಂತ.

ಹೊರಗ ನಲವತ್ತಮೂರು.
ಕಲಬುರಗಿ ಬಿಸಿಲಿನ ಲೆಕ್ಕ ನಮಗ ಬಿಟ್ಟು ಯಾರಿಗೆ ಬರ್ತದ?
ರಂಜಣಗಿ ಯಾಕ ತಣ್ಣಗಿರ್ತದ ಅಂತ ನನ್ನ ಪಂಜೆಕ್ಕೂ ಗೊತ್ತು.
ಒದ್ದಿ ಮಾಡಿ, ಹಿಂಡಿ, ಗಾಜಿನ ಹಿಡಿಕಿಗೆ ಸುತ್ತಿದೆ,
ಬೆಳಕಿಗೆ ಒಂದು ಕಿಂಡಿ ಬಿಟ್ಟು.
ಹಾಜರಿ ಪುಸ್ತಕದಲೇ ಗಾಳಿ ಹಾಕಿದೆ.
ಮೇಡಂ ಥರ್ಮಾಮೀಟರ್ ಓದ್ತಾ ಹೋದ್ರು:
ಮೂವತ್ತೇಳು. ಮೂವತ್ತಾರು. ಮೂವತ್ತಾರೇ.
ಮತ್ತ ನೀರು. ಮತ್ತ ಗಾಳಿ.
ಮೂವತ್ನಾಕು.

ಚುಕ್ಕಿ ಮೊಳಿ ಬಿಡ್ತು.
ಒಂದು ಬೆರಳು. ಮೂರು ಬೆರಳು.
"ಗುರುತು ಹಾಕು, ಭೀಮಶಾ, ಪೆನ್ಸಿಲ್‌ಲೆ, ಲಗೂ!"
ಓಡಿ ಹೋಗಿ ಗ್ವಾಡಿಗೆ ಕೈ ಇಟ್ಟೆ.
ಅದು ಸರಕೋತ ಬಂದು
ನನ್ನ ಹೆಬ್ಬೆರಳಿನ ಉಗುರಿನ ಮ್ಯಾಲ ಕುಂತಿತು.

ಬಿಸಿ ಇರಲಿಲ್ಲ.