ಚೆಕ್ಕುಬಂದಿ

ಬಾಲರಾಜ ಅರಸು ರಸ್ತೆ, ಕೋರ್ಟಿನ ಎದುರು,
ಜೆರಾಕ್ಸ್ ಅಂಗಡಿಗೆ ಆತುಕೊಂಡು ನನ್ನ ಟೇಬಲ್ಲು.
ಪುಟಕ್ಕೆ ಮೂವತ್ತು ರೂಪಾಯಿ.
ಇಪ್ಪತ್ತೆರಡು ವರ್ಷದಿಂದ ಬದು, ಬಾವಿ,
ಬಿಟ್ಟ ಗಂಡ, ಬೌನ್ಸಾದ ಚೆಕ್ಕು
ಟೈಪು ಮಾಡಿದ್ದೇನೆ.
ಒಂದು ದೇಶದ ಮೇಲಿನ ದಾವೆ
ಇದೇ ಮೊದಲು.

ವಾದಿ: ಗುಲಾಬಿ ಕೋಂ ಲೇಟ್ ಸಿಲೋನ್, ಮೂವತ್ತೊಂದು ವರ್ಷ,
ಕಸುಬು ಕೂದಲೆಣ್ಣೆ ಮಾರಾಟ,
ವಾಸ ಹಕ್ಕಿಪಿಕ್ಕಿ ಕ್ಯಾಂಪು, ಶಿವಮೊಗ್ಗ ತಾಲ್ಲೂಕು.
ಇಲ್ಲಿವರೆಗೆ ಸರಾಗ.
ಪ್ರತಿವಾದಿ: ಒಂದು ಸರ್ಕಾರ.
ಬಿನ್ ಯಾರು, ಕೇಳಿದೆ. ವಯಸ್ಸು ಸುಮಾರು?
ಜುಲೇಖಾ ವಕೀಲರು ನಗಲಿಲ್ಲ.
ಖಾಲಿ ಬಿಡಿ, ಅಂದರು.

ಮೂರನೇ ಪ್ಯಾರಾದಲ್ಲಿ ಜಿನೀವಾ ಬಂತು.
ನನ್ನ ಬೆರಳು ಅಭ್ಯಾಸಬಲದಿಂದ
ಜನಿವಾರ ಅಂತ ಹೊಡೆಯಿತು.
ಮೇಡಂ ಕೆಂಪು ಪೆನ್ನಲ್ಲಿ ಸುತ್ತು ಹಾಕಿ,
ಇದು ಬೇರೆ ದಾರ ರೀ, ಎಲ್ಲರಿಗೂ ಹಾಕಿದ್ದು, ಅಂದರು;
ಯುದ್ಧದಲ್ಲಿ ನೀರಿಗೆ ಹೋದವನನ್ನು ಕೊಲ್ಲಬಾರದು ಅಂತ
ದೇಶಗಳೆಲ್ಲ ಸಹಿ ಹಾಕಿದ ಕಾಗದ.
ಸಾಕ್ಷಿ ಯಾರ್ಯಾರು, ಕೇಳಬೇಕೆನಿಸಿತು.
ನಮ್ಮಲ್ಲಿ ಕೈಗಡ ಪತ್ರಕ್ಕೂ ಇಬ್ಬರು ಬೇಕು.

ಸಿಲೋನ್ ಎಣ್ಣೆ ಹೊತ್ತು ಆ ಊರಿಗೆ ಎರಡನೇ ಸಲ ಹೋಗಿದ್ದ.
ಬಾಡಿಗೆ ಕೋಣೆ, ಐದು ಜನ, ಒಂದು ಒಲೆ.
ಗುಂಡು ಶುರುವಾದ ಒಂಬತ್ತನೇ ದಿನ
ಕೊಡ ಹಿಡಿದು ಕೆಳಗಿಳಿದವನು.
ಶೆಡ್ಯೂಲಿಗೆ ಚೆಕ್ಕುಬಂದಿ ಬೇಕಲ್ಲ,
ವಿಡಿಯೋ ಕಾಲಿನಲ್ಲಿ ಕಂಡಷ್ಟನ್ನು ಗುಲಾಬಿ ಹೇಳಿದಳು:
ಪೂರ್ವಕ್ಕೆ ರೊಟ್ಟಿ ಸುಡುವವನ ಅಂಗಡಿ,
ಪಶ್ಚಿಮಕ್ಕೆ ಹಸಿರು ಬಾಗಿಲಿನ ಮನೆ, ಅಲ್ಲಿಯ ಮುದುಕಿಯಿಂದ
ಎರಡು ಬಾಟಲಿ ದುಡ್ಡು ಬಾಕಿ,
ಉತ್ತರಕ್ಕೆ ಟ್ಯಾಂಕು.
ನೀರಿಂದಾ?
ಮೊದಲು ನೀರಿಂದೇ ಇತ್ತು, ಅಂದಳು.
ದಕ್ಷಿಣಕ್ಕೆ ಗೊತ್ತಿಲ್ಲ.
ಫೋನು ಆ ಕಡೆ ತಿರುಗಿಸಲೇ ಇಲ್ಲ ಅವನು.

ಆಮೇಲೆ ವ್ಯಾಜ್ಯ ಕಾರಣ.
ಅದು ಈ ನ್ಯಾಯಾಲಯದ ಸರಹದ್ದಿನಲ್ಲಿ ಉದ್ಭವಿಸಿದೆ
ಎಂದು ಬರೆಯದೆ ಯಾವ ದಾವೆಯೂ ಒಳಗೆ ಹೋಗದು.
ಶೆಲ್ಲು ಹಾರಿಸಿದ್ದು ಅಲ್ಲಿ, ಬಿದ್ದದ್ದು ಅಲ್ಲಿ,
ಮಣ್ಣು ಮಾಡಿದ್ದೂ ಅಲ್ಲೇ.
ಮೇಡಂ ಪೆನ್ನು ಕಚ್ಚಿಕೊಂಡು ಕೂತರು.
ಗುಲಾಬಿ ಸ್ಟೂಲಿನಿಂದ ಎದ್ದು
ಗಾಜು ಸೀಳಿದ ಫೋನು ಮುಂದಿಟ್ಟಳು:
ಇದು ಬಡಕೊಂಡಿದ್ದು ಇಲ್ಲಿ ಸಾರ್.
ಬಿ.ಎಚ್. ರಸ್ತೆ, ಬಸ್‌ಸ್ಟ್ಯಾಂಡ್ ಹತ್ರ, ಸಂಜೆ ನಾಲ್ಕೂ ಹತ್ತು.
ಅಲ್ಲಿಗಂಟ ನಂಗೆ
ಅವ್ನು ಬದುಕೇ ಇದ್ದ.

ಟೈಪು ಮಾಡಿದೆ. ಒಂದಕ್ಷರ ತಪ್ಪಲಿಲ್ಲ.

ಹದಿನಾರನೇ ದಿನ ಫೈಲು ವಾಪಸು.
ಕಛೇರಿ ಆಕ್ಷೇಪಣೆ, ನೀಲಿ ಶಾಯಿ:
ಕಲಂ ಎಂಬತ್ತಾರು. ವಿದೇಶಿ ರಾಜ್ಯದ ಮೇಲಿನ ದಾವೆಗೆ
ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಲಗತ್ತಿಸಿಲ್ಲ.
ಶಿರಸ್ತೇದಾರರು ಕೆಟ್ಟವರಲ್ಲ, ಚಹಾ ತರಿಸಿದರು.
ಮನೆ ಯಜಮಾನನ್ನ ಕೇಳದೆ
ಪಕ್ಕದೋರ ಜೊತೆ ಜಗಳ ಆಡಬಾರದಮ್ಮ, ಅಷ್ಟೆ.
ನಮ್ ಕ್ಯಾಂಪಲ್ಲಿ ಹಂಗಲ್ಲ, ಅಂದಳು ಗುಲಾಬಿ,
ಹೊಡೆದೋನ ಬಾಗಿಲಿಗೇ ಹೋಗಿ ಕೂರ್ತೀವಿ.

ದೆಹಲಿಗೆ ಅರ್ಜಿ, ರಿಜಿಸ್ಟರ್ಡ್ ಪೋಸ್ಟು.
ಪ್ರತಿ ಸೋಮವಾರ ಬರುತ್ತಾಳೆ.
ಐದು ವರ್ಷದ ಮಗ ನನ್ನ ಟೇಬಲ್ಲಿನ ಕೆಳಗೆ ಮಲಗುತ್ತಾನೆ.
ಹೆಸರು ಹೈಕೋರ್ಟ್. ಸಿಲೋನ್ ಇಟ್ಟದ್ದು,
ಆ ಶಬ್ದ ಗಟ್ಟಿಯಾಗಿದೆ ಅಂತ.

ಮೊನ್ನೆ ಬಂದವಳು ಕೂರಲಿಲ್ಲ.
ಆ ಕೋಣೆಯಲ್ಲಿದ್ದ ಒಬ್ಬ ಊರಿಗೆ ಬಂದಿದಾನೆ ಸಾರ್.
ದಕ್ಷಿಣಕ್ಕೆ ಶಾಲೆಯಂತೆ. ಸೇರಿಸಿ.

ತಿದ್ದುಪಡಿಗೆ ದುಡ್ಡು ತಗೊಳ್ಳಲಿಲ್ಲ ನಾನು.
ಶಾಲೆ ಇದೆ ಅಂತ ಹೊಡೆಯಲೋ,
ಇತ್ತು ಅಂತಲೋ,
ಅದನ್ನಷ್ಟೇ ಕೇಳಿದೆ.